ಗುಡ್ಡದ ಹೊಳೆಯ ಮೀನು: ಸಾಕುವುದೆಲ್ಲಿ, ಕಾಯುವುದೆಲ್ಲಿ?



ಮೀನುಗಾರಿಕೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮಂಗಳೂರು, ಮಲ್ಪೆ, ಕಾರವಾರಗಳ ಬಂದರು, ದೋಣಿ, ಬಲೆ. ಬಯಲುಸೀಮೆಯವರಿಗೆ ಊರ ಮುಂದಿನ ಕೆರೆ ನೆನಪಾದೀತು. ಆದರೆ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳ ನಡುವೆ ಬಂಡೆಯಿಂದ ಬಂಡೆಗೆ ಧುಮುಕುತ್ತಾ ಬರುವ ಹಳ್ಳ ಹೊಳೆಗಳಲ್ಲಿಯೂ ಒಂದು ಮತ್ಸ್ಯ ಸಂಪತ್ತು ಇದೆ. ಅದು ಮಾರುಕಟ್ಟೆಯ ಬುಟ್ಟಿಯಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಹಾಗಾಗಿ ಅದು ಕಡಿಮೆಯಾಗುತ್ತಾ ಹೋದರೂ ಯಾರ ಗಮನಕ್ಕೂ ಬರುವುದಿಲ್ಲ. ಈ ಸಂಪತ್ತನ್ನು ಅಭಿವೃದ್ಧಿಪಡಿಸುವುದು ಎಂದರೇನು, ಸಂರಕ್ಷಿಸುವುದು ಎಂದರೇನು, ಇವೆರಡೂ ಒಂದಕ್ಕೊಂದು ಅಡ್ಡಿಯಾಗದಂತೆ ನಡೆಯಬೇಕಾದರೆ ಏನು ಮಾಡಬೇಕು ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲು ತಣ್ಣೀರಿನ ಮಾತು. ಸಮುದ್ರಮಟ್ಟದಿಂದ ಮೇಲಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ ಎಂದು ನೀವು ಭೂಗೋಳದ ಪಾಠದಲ್ಲಿ ಓದಿದ್ದೀರಿ. ಸಕಲೇಶಪುರ ಪಟ್ಟಣ ಇರುವುದು ಸುಮಾರು 950 ಮೀಟರ್ ಎತ್ತರದಲ್ಲಿ. ಕಾಡಿನ ನೆರಳಿನಲ್ಲಿ ಹರಿಯುವ ಇಲ್ಲಿನ ಹಳ್ಳಗಳ ನೀರು ಬಯಲಿನ ಕೆರೆಯ ನೀರಿಗಿಂತ ತಂಪು. ತಣ್ಣಗಿನ ನೀರಿಗೆ ಒಂದು ವಿಶೇಷ ಗುಣವಿದೆ. ಅದು ಹೆಚ್ಚು ಆಮ್ಲಜನಕವನ್ನು ಕರಗಿಸಿ ಇಟ್ಟುಕೊಳ್ಳಬಲ್ಲದು. ಸಮುದ್ರಮಟ್ಟದ ಲೆಕ್ಕದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹನ್ನೊಂದು ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕ ಕರಗಿರಬಲ್ಲದು. 20 ಡಿಗ್ರಿಯಲ್ಲಿ ಸುಮಾರು ಒಂಬತ್ತು. 30 ಡಿಗ್ರಿಯಲ್ಲಿ ಏಳೂವರೆಯಷ್ಟು ಮಾತ್ರ. ಗುಡ್ಡದ ಹೊಳೆಯ ಮೀನುಗಳು ಈ ಸಮೃದ್ಧ ಆಮ್ಲಜನಕಕ್ಕೆ ಒಗ್ಗಿಕೊಂಡವು. ನೀರು ಬಿಸಿಯಾದರೆ ಅಥವಾ ಕೊಳೆತರೆ ಮೊದಲು ಉಸಿರು ಕಟ್ಟುವುದು ಇವುಗಳಿಗೇ.

ಇನ್ನು ಈ ಸೀಮೆಯ ನೀರಿನ ದಾರಿಯನ್ನು ನೋಡಿ. ಬಿಸಿಲೆ ಘಾಟಿಗೆ ಹೋಗುವ ದಾರಿಯಲ್ಲಿ, ಮಂಕನಹಳ್ಳಿಯ ಬಳಿ, ಬೆಟ್ಟದ ಏಣು ನೀರನ್ನು ಎರಡು ಪಾಲು ಮಾಡುತ್ತದೆ. ಏಣಿನ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿಗೆ ಸೇರಿ, ಕಾವೇರಿಯಾಗಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆಯಲ್ಲಿ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಅರಬ್ಬಿ ಸಮುದ್ರ ಸೇರುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರದ ಪಕ್ಕದಲ್ಲೇ ಹರಿಯುತ್ತದೆ. ಬೇಲೂರಿನ ಕಡೆಯಿಂದ ಬರುವ ಯಗಚಿಯೂ ಅದನ್ನೇ ಸೇರುತ್ತದೆ. ಎತ್ತಿನಹೊಳೆಯಾದರೋ ಇದೇ ಸಕಲೇಶಪುರ ತಾಲ್ಲೂಕಿನಲ್ಲಿ ಹುಟ್ಟಿ, ಬೆನ್ನು ತಿರುಗಿಸಿಕೊಂಡು, ಕೆಂಪುಹೊಳೆ, ಗುಂಡ್ಯದ ದಾರಿಯಲ್ಲಿ ಕರಾವಳಿಯ ಕಡೆಗೆ ಇಳಿಯುತ್ತದೆ.

ಮಳೆಹನಿಗೆ ಒಂದು ಗೇಣಿನ ಅಂತರದಲ್ಲಿ ದಾರಿ ಬೇರೆಯಾದರೆ, ಮೀನಿಗೆ ಲಕ್ಷಾಂತರ ವರ್ಷಗಳ ಅಂತರ ಬೀಳುತ್ತದೆ. ಮೀನು ಏಣು ಹತ್ತಿ ಆಚೆಯ ಹೊಳೆಗೆ ಇಳಿಯಲಾರದು. ಆದ್ದರಿಂದ ಪೂರ್ವದ ಹೊಳೆಯ ಮೀನುಗಳು, ಪಶ್ಚಿಮದ ಹೊಳೆಯ ಮೀನುಗಳು ತಮ್ಮ ತಮ್ಮ ಕೊಳ್ಳದಲ್ಲೇ ಬೇರೆ ಬೇರೆಯಾಗಿ ವಿಕಾಸ ಹೊಂದಿವೆ. ಪಶ್ಚಿಮ ಘಟ್ಟಗಳಲ್ಲಿ ಸುಮಾರು 290 ಜಾತಿಯ ಸಿಹಿನೀರ ಮೀನುಗಳಿವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಜಗತ್ತಿನ ಬೇರೆ ಎಲ್ಲಿಯೂ ಇಲ್ಲ ಎನ್ನುವುದಕ್ಕೆ ಇದು ಒಂದು ಮುಖ್ಯ ಕಾರಣ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಮತ್ತೆ ಬೇಕಾಗುತ್ತದೆ.

ಹೊಳೆಯ ನಿವಾಸಿಗಳು

ಗುಡ್ಡದ ಹೊಳೆಯ ಮೀನುಗಳಲ್ಲಿ ಹೆಚ್ಚಿನವು ಬೆರಳುದ್ದದವು. ರಭಸದ ನೀರಿನಲ್ಲಿ ಕೊಚ್ಚಿಹೋಗದಂತೆ ಪ್ರಕೃತಿ ಅವುಗಳಿಗೆ ಉಪಾಯಗಳನ್ನು ಕೊಟ್ಟಿದೆ. ಗಾರ್ರಾ ಎಂಬ ಕುಲದ ಮೀನಿನ ಬಾಯಿಯ ಕೆಳಗೆ ಬಿಲ್ಲೆಯಂಥ ಅಂಗವಿದ್ದು, ಅದರಿಂದ ಅದು ಬಂಡೆಗೆ ಅಂಟಿಕೊಂಡು ಪಾಚಿಯನ್ನು ಕೆರೆದು ತಿನ್ನುತ್ತದೆ. ಇನ್ನು ಕೆಲವು ಮೀನುಗಳ ಹೊಟ್ಟೆ ಚಪ್ಪಟೆ. ಎದೆಯ ಈಜುರೆಕ್ಕೆಗಳನ್ನು ಅಗಲವಾಗಿ ಹರಡಿ ಕಲ್ಲಿನ ಮೇಲೆ ಕುಳಿತುಬಿಡುತ್ತವೆ. ಕಲ್ಲಿನ ಸಂದಿಯಲ್ಲಿ ಹಾವುಮೀನು ಅಡಗಿರುತ್ತದೆ. ಇವೆಲ್ಲ ನೀರಿನ ಹುಳುಗಳನ್ನು, ಪಾಚಿಯನ್ನು, ಮರದಿಂದ ಉದುರಿದ ಎಲೆ ಹಣ್ಣುಗಳನ್ನು ತಿಂದು ಬದುಕುತ್ತವೆ. ನೀರುನಾಯಿ, ಮಿಂಚುಳ್ಳಿಗಳಿಗೆ ಆಹಾರವಾಗುತ್ತವೆ.

ಇವೆಲ್ಲದರ ಅರಸು ಮಹಸೀರ್. ಕಾವೇರಿಯ ಕಡೆ ಇದನ್ನು ಬಿಳಿಮೀನು ಎನ್ನುವುದುಂಟು. ದೇವಸ್ಥಾನಗಳ ಮಡುಗಳಲ್ಲಿ ಇದು ದೇವರ ಮೀನು. ಅಂಗೈಯಷ್ಟು ಅಗಲಕ್ಕೆ ಬೆಳೆಯಬಲ್ಲ ಹುರುಪೆ, ದಪ್ಪ ತುಟಿ, ಗಂಟಲಿನಲ್ಲಿ ಏಡಿಯ ಚಿಪ್ಪನ್ನೂ ಪುಡಿಮಾಡುವ ಹಲ್ಲು ಇದರ ಲಕ್ಷಣ. ಕಾವೇರಿ ಕೊಳ್ಳಕ್ಕೇ ಸೀಮಿತವಾದ ಬೆನ್ನುಗೂನಿನ ಮಹಸೀರ್ ಇವುಗಳಲ್ಲೆಲ್ಲ ದೊಡ್ಡದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು.

ಇಷ್ಟು ಬಲಶಾಲಿಯಾದ ಮೀನಿನ ಸಂತಾನ ಮಾತ್ರ ಬಹಳ ನಾಜೂಕು. ನೀವು ಊಟಕ್ಕೆ ಕೊಳ್ಳುವ ರೋಹು ತನ್ನ ತೂಕದ ಪ್ರತಿ ಕಿಲೋಗೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮಹಸೀರ್ ಇಡುವುದು ಕೆಲವೇ ಸಾವಿರ. ಮಳೆಗಾಲದಲ್ಲಿ ಹೊಳೆ ಏರಿದಾಗ ಅದು ಪ್ರವಾಹಕ್ಕೆ ಎದುರಾಗಿ ಮೇಲಿನ ಹಳ್ಳಗಳಿಗೆ ಹೋಗಿ, ಸ್ವಚ್ಛವಾದ ಜಲ್ಲಿಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಎರಡು ಮೂರು ದಿನಗಳಲ್ಲಿ ಮರಿ ಹೊರಬಂದರೂ, ಮತ್ತೆ ಕೆಲವು ದಿನ ಅದಕ್ಕೆ ಸರಿಯಾಗಿ ಈಜಲು ಬಾರದು. ಕಲ್ಲಿನ ಸಂದಿಯಲ್ಲೇ ಅಡಗಿ, ಹೊಟ್ಟೆಗೆ ಅಂಟಿದ ಭಂಡಾರ ಚೀಲದ ಆಹಾರದಿಂದಲೇ ಬದುಕುತ್ತದೆ. ಆ ದಿನಗಳಲ್ಲಿ ಜಲ್ಲಿಯ ಮೇಲೆ ಕೆಸರಿನ ಪದರ ಕುಳಿತರೆ ಇಡೀ ವರ್ಷದ ಸಂತಾನ ಅಲ್ಲೇ ಮುಗಿಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಶಿರಾಡಿ ಘಾಟಿಯ ರಸ್ತೆ ಬಂದ್ ಆದದ್ದನ್ನು ನಾವು ಕೇಳಿದ್ದೇವೆ. ರಸ್ತೆಯ ಮೇಲೆ ಬಿದ್ದ ಮಣ್ಣನ್ನು ಯಂತ್ರ ತೆಗೆಯುತ್ತದೆ. ಹೊಳೆಗೆ ಇಳಿದ ಮಣ್ಣನ್ನು ತೆಗೆಯುವವರಾರು?

ಟ್ರೌಟ್ ತರೋಣವೇ?

ಪರ್ವತ ಪ್ರದೇಶದ ಮೀನುಗಾರಿಕೆಯ ಮಾತು ಬಂದಾಗಲೆಲ್ಲ ಟ್ರೌಟ್ ಮೀನಿನ ಹೆಸರು ಬರುತ್ತದೆ. ಯುರೋಪ್, ಅಮೆರಿಕಗಳ ಮೂಲದ ಈ ಮೀನನ್ನು 1900ರ ಹೊತ್ತಿಗೆ ಕಾಶ್ಮೀರಕ್ಕೂ, ಆ ಶತಮಾನದ ಮೊದಲ ದಶಕದಲ್ಲಿ ನೀಲಗಿರಿಗೂ ತಂದರು. ನೀಲಗಿರಿಯಲ್ಲಿ ಎಚ್. ಸಿ. ವಿಲ್ಸನ್ ಎಂಬುವರು ಈ ಕೆಲಸದಲ್ಲಿ ಶ್ರಮಿಸಿದರು. ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರವಾಯಿತು. ಹಿಮಾಚಲ, ಕಾಶ್ಮೀರಗಳಲ್ಲಿ ಟ್ರೌಟ್ ಸಾಕಣೆ ಇಂದು ಆದಾಯದ ಕಸುಬು. ಉತ್ತರಾಖಂಡದ ಭೀಮತಾಲ್‌ನಲ್ಲಿ ತಣ್ಣೀರಿನ ಮೀನುಗಾರಿಕೆಗೆಂದೇ 1987ರಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರವೂ ಸ್ಥಾಪನೆಯಾಯಿತು.

ಹಾಗಾದರೆ ಸಕಲೇಶಪುರದಲ್ಲಿ ಏಕೆ ಆಗಬಾರದು? ಉತ್ತರ ಉಷ್ಣತೆಯಲ್ಲಿದೆ. ಟ್ರೌಟ್‌ಗೆ 20 ಡಿಗ್ರಿಗಿಂತ ಕೆಳಗಿನ ನೀರು ಬೇಕು. ಮೊಟ್ಟೆ ಇಡಲು ಅದಕ್ಕಿಂತಲೂ ತಣ್ಣಗಿರಬೇಕು. ನೀಲಗಿರಿಯ ಟ್ರೌಟ್ ಹೊಳೆಗಳು ಎರಡು ಸಾವಿರ ಮೀಟರ್ ಆಸುಪಾಸಿನ ಎತ್ತರದವು. ನಮ್ಮ ಹಳ್ಳಗಳ ನೀರು ಬೇಸಿಗೆಯಲ್ಲಿ ಟ್ರೌಟ್‌ನ ಮಿತಿಯನ್ನು ದಾಟುತ್ತದೆ. ಇಲ್ಲಿನ ನೀರು ಹಿಮದ ನೀರಲ್ಲ, ನೆರಳಿನ ನೀರು. ಈ ನೆರಳಿನ ನೀರಿಗೆ ಒಪ್ಪುವ ಮೀನು ಮಹಸೀರ್ ಮತ್ತು ಅದರ ಜೊತೆಗಾರರು. ಅವು ಇಲ್ಲಿ ಆಗಲೇ ಇವೆ. ಕಾವೇರಿ ಕೊಳ್ಳದ ಕರ್ನಾಟಿಕ್ ಕಾರ್ಪ್ ಎಂಬ ಮೀನನ್ನು ನಮ್ಮ ರಾಜ್ಯದ ಮೀನು ಎಂದು ಗುರುತಿಸಲಾಗಿದೆ ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಒಳ್ಳೆಯ ಉದ್ದೇಶದ ಒಂದು ಪಾಠ

ಇನ್ನೊಂದು ಸಲಹೆಯೂ ಕೇಳಿಬರುತ್ತದೆ. ಪರದೇಶದ ಮೀನು ಬೇಡ, ಮಹಸೀರ್ ಮರಿಗಳನ್ನೇ ಮಾಡಿ ಎಲ್ಲ ಹೊಳೆಗಳಿಗೂ ಬಿಡೋಣ ಎಂಬುದು. ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಕಾವೇರಿಯಲ್ಲಿ ನಡೆದದ್ದನ್ನು ತಿಳಿದ ಮೇಲೆ ನಾವು ಸ್ವಲ್ಪ ತಡೆದು ಯೋಚಿಸಬೇಕಾಗುತ್ತದೆ.

ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರ ಮತ್ಸ್ಯಾಗಾರದಲ್ಲಿ 1970ರ ದಶಕದಿಂದ ಮಹಸೀರ್ ಮರಿ ಮಾಡುವ ಕೆಲಸ ಯಶಸ್ವಿಯಾಗಿ ನಡೆಯಿತು. ವಿಜ್ಞಾನಿ ಸಿ. ವಿ. ಕುಲಕರ್ಣಿ ಅವರ ಹೆಸರು ಇದರೊಂದಿಗೆ ಸೇರಿಕೊಂಡಿದೆ. ಅಲ್ಲಿ ಬೆಳೆಸಿದ್ದು ನೀಲಿ ಈಜುರೆಕ್ಕೆಯ ದಕ್ಷಿಣದ ಮಹಸೀರ್, ಮೂಲತಃ ಕೃಷ್ಣಾ ಕೊಳ್ಳದ ಮೀನು. ಕಾವೇರಿಯಲ್ಲಿ ಮಹಸೀರ್ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದ ಆ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಹೊಸಬ ಚೆನ್ನಾಗಿ ಹೊಂದಿಕೊಂಡ, ಸಂಖ್ಯೆ ಬೆಳೆಯಿತು. ಗಾಳದವರಿಗೂ ಸಂತೋಷವಾಯಿತು. ಆದರೆ ಕಾವೇರಿಯ ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಲೆಕ್ಕಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಬೇರೆ ಕಥೆ ಕಂಡಿತು. ನೀಲಿ ರೆಕ್ಕೆಯ ಮಹಸೀರ್ ಹೆಚ್ಚುತ್ತಾ ಹೋದ ಅದೇ ವರ್ಷಗಳಲ್ಲಿ, ಕಾವೇರಿಯದೇ ಆದ ಬೆನ್ನುಗೂನಿನ ಮಹಸೀರ್ ಕುಸಿಯುತ್ತಾ ಬಂದಿತ್ತು.

ಇನ್ನೂ ಸೋಜಿಗದ ಸಂಗತಿ ಕೇಳಿ. ನೂರಾರು ವರ್ಷಗಳಿಂದ ಜನ ಬಲ್ಲ, ಲೋಕದ ಬೇಟೆಗಾರರೆಲ್ಲ ಹೊಗಳಿದ ಈ ಬೆನ್ನುಗೂನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ನಿರ್ಧಾರವಾದದ್ದು 2018ರಲ್ಲಿ. ಟಾರ್ ರೆಮಾದೇವಿ ಎಂಬುದೇ ಆ ಹೆಸರು. ಅದೇ ವರ್ಷ ಅದು ಅತ್ಯಂತ ಅಪಾಯಕ್ಕೊಳಗಾದ ಜೀವಿ ಎಂದು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಸೇರಿತು. ಹೆಸರು ಸಿಕ್ಕಿದ ವರ್ಷವೇ ಅಳಿವಿನ ಅಂಚಿನ ಚೀಟಿಯೂ ಸಿಕ್ಕಿತು.

ಈಗ ಮಂಕನಹಳ್ಳಿಯ ಏಣನ್ನು ನೆನೆಸಿಕೊಳ್ಳಿ. ಹೇಮಾವತಿ ಕಾವೇರಿಯ ಮಗಳು, ಎತ್ತಿನಹೊಳೆ ನೇತ್ರಾವತಿಯ ಬಳಗ. ಒಂದರ ಮೀನನ್ನು ಇನ್ನೊಂದಕ್ಕೆ ಬಿಟ್ಟರೆ ಪ್ರಕೃತಿ ಲಕ್ಷಾಂತರ ವರ್ಷ ಬೇರೆ ಇಟ್ಟಿದ್ದನ್ನು ನಾವು ಒಂದು ಬಕೆಟ್ಟಿನಿಂದ ಕಲಸಿಬಿಟ್ಟಂತೆ. ಕೊಡಗಿನ ಹಾರಂಗಿಯಲ್ಲಿ ನಮ್ಮ ಮೀನುಗಾರಿಕೆ ಇಲಾಖೆ ಮಹಸೀರ್ ಮರಿ ಕೇಂದ್ರವನ್ನು ನಡೆಸಿದೆ. ಇಂಥ ಕೇಂದ್ರಗಳು ಬೇಕು. ಆದರೆ ಯಾವ ಹೊಳೆಗೆ ಮರಿ ಬಿಡಬೇಕೋ ಅದೇ ಹೊಳೆಯ ತಾಯಿ ಮೀನಿನಿಂದಲೇ ಮರಿ ಮಾಡಬೇಕು, ಬಿಡುವ ಮೊದಲು ಜಾತಿಯನ್ನು ಖಚಿತಪಡಿಸಿಕೊಳ್ಳಬೇಕು ಎಂಬ ನಿಯಮವಿಲ್ಲದಿದ್ದರೆ ಉಪಕಾರ ಮಾಡಹೋಗಿ ಅಪಕಾರ ಮಾಡಿದಂತಾದೀತು.

ಹೊಳೆಯ ಪಂಚಾಂಗ, ತೋಟದ ಪಂಚಾಂಗ

ಸಕಲೇಶಪುರ, ಆಲೂರಿನ ಹೊಳೆಗಳ ವಿಶೇಷ ಸಮಸ್ಯೆ ಅರ್ಥವಾಗಬೇಕಾದರೆ ಎರಡು ಪಂಚಾಂಗಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು.

ಹೊಳೆಯ ಪಂಚಾಂಗ ಹೀಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬು ಹರಿವು. ಮೀನಿನ ಪ್ರಯಾಣ ಮತ್ತು ಸಂತಾನದ ಕಾಲ. ಆಮೇಲೆ ನೀರು ಇಳಿಯುತ್ತಾ ಬಂದು, ಡಿಸೆಂಬರ್‌ನಿಂದ ಹರಿವು ಸಣ್ಣದಾಗಿ, ಮಾರ್ಚ್ ಹೊತ್ತಿಗೆ ಅನೇಕ ಹಳ್ಳಗಳಲ್ಲಿ ಬಂಡೆಗಳ ನಡುವಿನ ಮಡುಗಳು ಮಾತ್ರ ಉಳಿಯುತ್ತವೆ. ದೊಡ್ಡದು ಚಿಕ್ಕದೆನ್ನದೆ ಮೀನುಗಳೆಲ್ಲ ಆ ಮಡುಗಳಲ್ಲಿ ಸೇರಿಕೊಂಡು ಮುಂದಿನ ಮಳೆಗಾಗಿ ಕಾಯುತ್ತವೆ. ಮಡು ಎಂದರೆ ಹೊಳೆಯ ಬೀಜದ ಕಣಜ.

ಕಾಫಿ ತೋಟದ ಪಂಚಾಂಗ ಹೀಗಿದೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಆ ಬಳಿಕ ರೋಬಸ್ಟಾ. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಪಲ್ಪರ್ ಕೆಲಸಕ್ಕೆ ಧಾರಾಳ ನೀರು ಬೇಕು. ಹೊರಬರುವ ನೀರಿನಲ್ಲಿ ಸಿಪ್ಪೆಯ ಸಕ್ಕರೆ, ಲೋಳೆಯೆಲ್ಲ ಸೇರಿ ಅದು ಬೇಗನೆ ಹುಳಿಯುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಶುದ್ಧೀಕರಿಸದೆ ಹಳ್ಳಕ್ಕೆ ಬಿಟ್ಟರೆ, ಸಣ್ಣ ಹರಿವಿನ ಆ ಕಾಲದಲ್ಲಿ ಅದನ್ನು ತಿಳಿಗೊಳಿಸುವಷ್ಟು ನೀರೇ ಹಳ್ಳದಲ್ಲಿರುವುದಿಲ್ಲ. ಅದಾದ ಮೇಲೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ ಬಾರದಿದ್ದರೆ ರೋಬಸ್ಟಾ ಗಿಡಕ್ಕೆ ಸ್ಪ್ರಿಂಕ್ಲರ್‌ನಿಂದ ನೀರು ಹಾರಿಸಬೇಕು. ಪಂಪುಗಳು ಇಳಿಯುವುದು ಎಲ್ಲಿಗೆ? ಅದೇ ಮಡುಗಳಿಗೆ. ಆಲೂರಿನ ಕಡೆ ಶುಂಠಿ ಬೆಳೆಗೆ ಸಿಂಪಡಿಸಿದ ಕೀಟನಾಶಕ, ಕಳೆನಾಶಕಗಳು ಮುಂಗಾರಿನ ಮೊದಲ ಮಳೆಗೆ ತೊಳೆದು ಹಳ್ಳಕ್ಕೆ ಇಳಿಯುತ್ತವೆ. ಅದು ಸರಿಯಾಗಿ ಮೀನು ಮೇಲಕ್ಕೆ ಹೊರಡುವ ಸಮಯ.

ಇದರಲ್ಲಿ ಬೆಳೆಗಾರನನ್ನು ಶತ್ರುವಾಗಿ ಕಾಣುವ ಅಗತ್ಯವಿಲ್ಲ. ಮರದ ನೆರಳಿನಲ್ಲಿ ಕಾಫಿ ಬೆಳೆದ ಈ ಸೀಮೆಯ ಪದ್ಧತಿಯೇ ಇಲ್ಲಿನ ಅನೇಕ ಹಳ್ಳಗಳನ್ನು ಇಂದಿನವರೆಗೆ ತಂಪಾಗಿ ಇಟ್ಟಿದೆ. ಆದರೆ ತೋಟದ ಕಷ್ಟದ ತಿಂಗಳು, ಹೊಳೆಯ ಕಷ್ಟದ ತಿಂಗಳು ಒಂದೇ ಆಗಿರುವುದರಿಂದ ಮುಂಚಿತವಾಗಿ ಯೋಜನೆ ಮಾಡಬೇಕು. ಮಳೆಗಾಲದ ನೀರನ್ನು ತೋಟದ ಕೆರೆಯಲ್ಲಿ ತುಂಬಿಸಿಕೊಂಡರೆ ಮಾರ್ಚ್‌ನಲ್ಲಿ ಮಡುವಿಗೆ ಪಂಪು ಇಳಿಸಬೇಕಾಗಿಲ್ಲ. ಕಡಿಮೆ ನೀರಿನ ಪಲ್ಪರ್ ಬಳಸಿ, ತೊಳೆದ ನೀರನ್ನು ಹೊಂಡಗಳಲ್ಲಿ ತಂಗಿಸಿ ಸುಣ್ಣ ಹಾಕಿ ಶುದ್ಧಿ ಮಾಡಬಹುದು. ಹಳ್ಳದ ಎರಡೂ ದಡಗಳಲ್ಲಿ ಹೊಳೆಮತ್ತಿ, ಅತ್ತಿ, ನೇರಳೆ, ಹೊಂಗೆ ಮರಗಳನ್ನು ಬಿಟ್ಟು, ಮರಗಸಿ ಮಾಡುವಾಗ ಅಷ್ಟು ಪಟ್ಟಿಯನ್ನು ಮುಟ್ಟದಿದ್ದರೆ ನೀರಿಗೆ ನೆರಳು, ದಡಕ್ಕೆ ಬೇರಿನ ಹಿಡಿತ, ಮೀನಿಗೆ ಹಣ್ಣು ಮೂರೂ ಸಿಕ್ಕವು.

ಕಾನೂನು ಮತ್ತು ನಂಬಿಕೆ

ಮಲೆನಾಡಿನಲ್ಲಿ ಮೊದಲ ಮಳೆಗೆ ಗದ್ದೆಯ ತೋಡುಗಳಲ್ಲಿ ಏರಿ ಬರುವ ಹತ್ತುಮೀನನ್ನು ಹಿಡಿಯುವುದು ಹಳೆಯ ಸಂಭ್ರಮ. ಕೂಳಿ ಒಡ್ಡಿ, ಬುಟ್ಟಿ ಹಿಡಿದು ಮನೆಮಂದಿಯೆಲ್ಲ ಹೋಗುತ್ತಾರೆ. ಮನೆಯ ಸಾರಿಗಾಗಿ ನಾಲ್ಕು ಮೀನು ಹಿಡಿದರೆ ಹೊಳೆ ಬರಿದಾಗದು. ಆದರೆ ಹತ್ತಿ ಬರುವ ಮೀನಿನ ಹೊಟ್ಟೆಯಲ್ಲಿರುವುದು ಮುಂದಿನ ವರ್ಷದ ಮೀನು. ತೋಡಿನ ಅಡ್ಡಗಲಕ್ಕೂ ಕೂಳಿ ಕಟ್ಟಿ ಒಂದನ್ನೂ ಮೇಲೆ ಹೋಗಗೊಡದಿದ್ದರೆ ಮುಂದಿನ ವರ್ಷ ಬುಟ್ಟಿ ಖಾಲಿ.

ಇದಕ್ಕಿಂತ ಘೋರವಾದವು ತೋಟೆ ಸಿಡಿಸುವುದು, ಮದ್ದು ಹಾಕುವುದು, ವಿದ್ಯುತ್ ಹರಿಸುವುದು. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದ ಕಡೆ ಈಗ ಕೀಟನಾಶಕದ ಬಾಟಲಿ ಬಂದಿದೆ. ತಿನ್ನಲು ಬೇಕಾದ ಹತ್ತು ಮೀನಿಗಾಗಿ ಮರಿ, ಮೊಟ್ಟೆ, ಏಡಿ, ಹುಳುಗಳೆಲ್ಲ ನಾಶವಾಗುತ್ತವೆ. ಈ ಕೇಡು ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಅಲ್ಲಿನ ಹೊಳೆಗಳ ಮೀನಿನ ಬಗ್ಗೆ 1870ರಲ್ಲಿಯೇ ವರದಿ ಬರೆದರು. ಮಹಸೀರ್ ಬೇಟೆಯ ಬಗ್ಗೆ ಪ್ರಸಿದ್ಧವಾದ ಅವರ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತು. ನಮ್ಮ ರಾಜ್ಯವೂ 1996ರಲ್ಲಿ ಒಳನಾಡು ಮೀನುಗಾರಿಕೆಯ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣಕ್ಕಾಗಿ ಪ್ರತ್ಯೇಕ ಅಧಿನಿಯಮ ಮಾಡಿದೆ. ಕಾನೂನಿಗೆ ನೂರು ವರ್ಷ ದಾಟಿತು. ತೋಟೆ ಇನ್ನೂ ನಿಂತಿಲ್ಲ. ಏಕೆಂದರೆ ಕಾಡಿನ ನಡುವಿನ ಮಡುವಿಗೆ ಕಾವಲುಗಾರನನ್ನು ಇಡುವುದು ಸಾಧ್ಯವಿಲ್ಲ. ಅಲ್ಲಿ ಕಾಯಬೇಕಾದವರು ದಡದ ಊರಿನವರೇ.

ಊರಿನವರು ಕಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಉದಾಹರಣೆಗಳಿವೆ. ಶೃಂಗೇರಿಯ ತುಂಗೆ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆ, ನಮ್ಮ ಹಾಸನ ಜಿಲ್ಲೆಯದೇ ಆದ ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಇಲ್ಲೆಲ್ಲ ಮೀನಿಗೆ ಯಾರೂ ಕೈ ಮಾಡುವುದಿಲ್ಲ. ಮಂಡಕ್ಕಿ ಹಾಕಿ ಕೈ ಮುಗಿಯುತ್ತಾರೆ. ಮೂಡಿಗೆರೆ, ಸಕಲೇಶಪುರದ ಘಟ್ಟ ಇಳಿದರೆ ಸಿಗುವ ಶಿಶಿಲದಲ್ಲಿ, ಕಪಿಲಾ ಹೊಳೆಯ ದೇವಸ್ಥಾನದ ಮಡುವಿನಲ್ಲಿ ಮಹಸೀರ್‌ಗಳ ಹಿಂಡೇ ಇದೆ. ಆದರೆ 1996ರಲ್ಲಿ ದುಷ್ಕರ್ಮಿಗಳು ಅಲ್ಲಿ ನೀರಿಗೆ ವಿಷ ಹಾಕಿದರು. ಸಾವಿರಾರು ಮೀನುಗಳು ಸತ್ತು ತೇಲಿದವು. ಊರವರು ಆ ಮೀನುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು.

ಶಿಶಿಲದ ಘಟನೆ ಎರಡು ಪಾಠ ಕಲಿಸುತ್ತದೆ. ನಂಬಿಕೆಯ ಬಲ ದೊಡ್ಡದು. ಅಷ್ಟು ದೊಡ್ಡ ಹಾನಿಯ ಮೇಲೂ ಮಡುವಿನಲ್ಲಿ ಮೀನು ಮತ್ತೆ ತುಂಬಿಕೊಂಡಿತು, ಏಕೆಂದರೆ ಮೇಲಿನ ಮತ್ತು ಕೆಳಗಿನ ಹೊಳೆಯಲ್ಲಿ ಮೀನು ಇತ್ತು. ಎರಡನೆಯದಾಗಿ, ಒಂದು ಮಡುವನ್ನು ಮಾತ್ರ ಕಾಯ್ದು ಉಳಿದ ಹೊಳೆಯನ್ನು ಕೈಬಿಟ್ಟರೆ, ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿಟ್ಟ ಹಾಗೆ. ಬುಟ್ಟಿ ಜಾರಿದರೆ ಎಲ್ಲವೂ ಹೋಯಿತು. ದೇವಸ್ಥಾನವಿಲ್ಲದ ಮಡುಗಳಿಗೂ ಕಾವಲು ಬೇಕು.

ಹರಿವಿನ ಪ್ರಶ್ನೆ

ಗೊರೂರಿನಲ್ಲಿ 1979ರಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. ಲಕ್ಷಾಂತರ ಎಕರೆಗೆ ನೀರು ಸಿಕ್ಕಿತು; ಜಲಾಶಯದಲ್ಲಿ ಕಾಟ್ಲಾ, ರೋಹು ಮುಂತಾದ ಮೀನುಗಳ ಹಿಡುವಳಿಯೂ ನಡೆಯುತ್ತದೆ. ಆದರೆ ಕೆಳಗಿನ ಮೀನು ಮೇಲಿನ ಹಳ್ಳಕ್ಕೆ ಬರುವ ದಾರಿ ಮುಚ್ಚಿತು. ಪಶ್ಚಿಮದ ಮಗ್ಗುಲಿನಲ್ಲಿ ಎತ್ತಿನಹೊಳೆ ಮತ್ತು ಅಕ್ಕಪಕ್ಕದ ಹಳ್ಳಗಳಿಗೆ ಎಂಟು ಕಡೆ ಒಡ್ಡು ಕಟ್ಟಿ, ಮಳೆಗಾಲದ 24 ಟಿಎಂಸಿ ಅಡಿ ನೀರನ್ನು ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ಸಾಗಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆಗೊಂಡಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಜನರ ಬಾಯಾರಿಕೆ ನಿಜವಾದದ್ದು. ಹಾಗೆಯೇ ಮಳೆಗಾಲದ ನೀರು ಹೊಳೆಗೆ ಹೆಚ್ಚುವರಿ ಎನ್ನುವುದು ಪೂರ್ತಿ ನಿಜವಲ್ಲ. ಮೀನಿಗೆ ಹೊರಡಲು ಕರೆ ಕೊಡುವುದು ಆ ಏರುನೀರೇ. ಜಲ್ಲಿಯ ಮೇಲಿನ ಕೆಸರನ್ನು ತೊಳೆಯುವುದೂ ಅದೇ. ಕಟ್ಟಿದ ಒಡ್ಡುಗಳಿಂದ ಕೆಳಕ್ಕೆ ಎಷ್ಟು ನೀರು, ಯಾವ ತಿಂಗಳಲ್ಲಿ ಬಿಡಬೇಕು, ಮೀನು ದಾಟಲು ಮೆಟ್ಟಿಲಿನ ದಾರಿ ಹೇಗಿರಬೇಕು ಎಂಬುದನ್ನು ಅಳೆದು, ನಿಗದಿಮಾಡಿ, ಪಾಲಿಸುವುದು ಈಗ ನಮ್ಮ ಮುಂದಿರುವ ಕೆಲಸ.

ಕೆರೆಯಲ್ಲಿ ಸಾಕು, ಹೊಳೆಯಲ್ಲಿ ಕಾಯಿ

ಹಾಗಾದರೆ ಈ ಸೀಮೆಯಲ್ಲಿ ಮೀನುಗಾರಿಕೆಯ ಅಭಿವೃದ್ಧಿ ಎಂದರೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಕೆರೆಯಲ್ಲಿ ಸಾಕು, ಹೊಳೆಯಲ್ಲಿ ಕಾಯಿ.

ತೋಟಗಳಲ್ಲಿ ನೀರಾವರಿಗಾಗಿ ತೋಡಿದ ಕೆರೆಗಳಿವೆ. ಅಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳನ್ನು ಸಾಕಬಹುದು. ಸಾಮಾನ್ಯ ಗೆಂಡೆ ತಂಪನ್ನು ತಡೆಯುತ್ತದೆ. 1939ರಲ್ಲಿ ಅದನ್ನು ಮೊದಲು ತಂದದ್ದೇ ಊಟಿಯ ಕೆರೆಗಳಿಗೆ. ಕಾಟ್ಲಾ, ರೋಹುಗಳಿಗೆ 25ರಿಂದ 30 ಡಿಗ್ರಿಯ ನೀರು ಹಿತ. ಚಳಿಗಾಲದಲ್ಲಿ ಅವುಗಳ ಬೆಳವಣಿಗೆ ನಿಧಾನ ಎಂಬುದನ್ನು ತಿಳಿದು ಲೆಕ್ಕ ಹಾಕಬೇಕು. ಕೆರೆಯ ಕೋಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಮಳೆಗಾಲದಲ್ಲಿ ಸಾಕುಮೀನು ಹಳ್ಳಕ್ಕೆ ಜಿಗಿಯದಂತೆ ನೋಡಿಕೊಳ್ಳಬೇಕು. ಆಫ್ರಿಕಾದ ಕ್ಯಾಟ್‌ಫಿಶ್ ಅನ್ನು ಸಾಕುವುದು ನಿಷಿದ್ಧ. ಹೊಳೆಗೆ ಇಳಿದರೆ ಅದು ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಹೀಗೆ ಊಟದ ಮೀನು ಕೆರೆಯಿಂದ ಬಂದರೆ ಹೊಳೆಯ ಮೇಲಿನ ಒತ್ತಡವೂ ತಗ್ಗುತ್ತದೆ.

ಹೊಳೆಯಲ್ಲಿ ಮಾಡಬೇಕಾದದ್ದು ಬೇರೆ. ಗ್ರಾಮ ಪಂಚಾಯಿತಿಗಳು ತಮ್ಮ ಗಡಿಯೊಳಗಿನ ಆಳದ ಮಡುಗಳನ್ನು ಗುರುತಿಸಿ, ಇಲ್ಲಿ ಮೀನು ಹಿಡಿಯುವುದಿಲ್ಲ, ಪಂಪು ಇಳಿಸುವುದಿಲ್ಲ ಎಂದು ಊರೊಟ್ಟಿನ ತೀರ್ಮಾನ ಮಾಡಬಹುದು. ಅದಕ್ಕೆ ಸರ್ಕಾರದ ಹಣ ಬೇಕಾಗಿಲ್ಲ.

ವಿದ್ಯಾರ್ಥಿಗಳಾದ ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ನಿಮ್ಮ ಶಾಲೆ ಅಥವಾ ಕಾಲೇಜಿನ ಹತ್ತಿರದ ಹಳ್ಳವನ್ನು ಆರಿಸಿಕೊಳ್ಳಿ. ಅಧ್ಯಾಪಕರ ಜೊತೆಯಲ್ಲಿ, ನೀರು ಇಳಿದ ಮೇಲೆ, ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ನೀರಿನ ಉಷ್ಣತೆಯನ್ನು ಅಳೆದು ಬರೆಯಿರಿ. ನೀರೊಳಗಿನ ಒಂದು ಕಲ್ಲನ್ನು ಮಗುಚಿ ನೋಡಿ. ಬಾಲದಲ್ಲಿ ಎರಡು ಮೂರು ಎಳೆಗಳಿರುವ ಚಪ್ಪಟೆ ಹುಳುಗಳು, ಮರಳಿನಿಂದ ಗೂಡು ಕಟ್ಟಿಕೊಂಡ ಹುಳುಗಳು ಇದ್ದರೆ ನೀರಿಗೆ ಆರೋಗ್ಯವಿದೆ. ಕಲ್ಲಿನಡಿ ಕೆಂಪು ದಾರದಂಥ ಹುಳುಗಳು ಮಾತ್ರ ಇದ್ದರೆ ಆಮ್ಲಜನಕ ಕಡಿಮೆಯಾಗಿದೆ ಎಂದು ತಿಳಿಯಿರಿ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದಂತೆಯೇ ಇಡಿ. ಹಳ್ಳದ ದಡದ ಹಿರಿಯರನ್ನು ಕೇಳಿ, ಹಿಂದೆ ಯಾವ ಯಾವ ಮೀನು ಬರುತ್ತಿತ್ತು, ಅದಕ್ಕೆ ಏನೆಂದು ಕರೆಯುತ್ತಿದ್ದರು ಎಂದು ಬರೆದುಕೊಳ್ಳಿ. ನಿಮ್ಮ ನಂತರದ ತರಗತಿಯವರು ಅದೇ ಪುಸ್ತಕವನ್ನು ಮುಂದುವರಿಸಲಿ. ಕಾವೇರಿಯ ಬೆನ್ನುಗೂನಿನ ಮಹಸೀರ್ ಕುಸಿಯುತ್ತಿರುವುದು ಗೊತ್ತಾದದ್ದೇ ಗಾಳದವರು ವರ್ಷವರ್ಷವೂ ಬರೆದಿಟ್ಟ ಸಾದಾ ಲೆಕ್ಕದಿಂದ ಎಂಬುದನ್ನು ಮರೆಯಬೇಡಿ. ಈ ವಿಷಯದಲ್ಲಿ ಹೆಚ್ಚಿನ ಆಸಕ್ತಿ ಇರುವವರಿಗೆ ಮಂಗಳೂರಿನಲ್ಲಿ 1969ರಲ್ಲಿ ಪ್ರಾರಂಭವಾದ ಮೀನುಗಾರಿಕೆ ಕಾಲೇಜು ಇದೆ. ಗುಡ್ಡದ ಹೊಳೆಗಳನ್ನು ಬಲ್ಲ ಮೀನು ವಿಜ್ಞಾನಿಗಳು ನಮಗೆ ಇನ್ನೂ ಬಹಳ ಮಂದಿ ಬೇಕು.

ಮೀನನ್ನು ಹೊಳೆಗೆ ಬಿಡುವುದು ಒಂದು ದಿನದ ಸಮಾರಂಭ. ಮೀನು ಬದುಕುವಂತೆ ಹೊಳೆಯನ್ನು ಇಡುವುದು ವರ್ಷದ ಹನ್ನೆರಡು ತಿಂಗಳ ಕೆಲಸ. ನೆರಳು, ಹರಿವು, ಶುದ್ಧವಾದ ಜಲ್ಲಿ, ಬೇಸಿಗೆಯ ಮಡು, ಈ ನಾಲ್ಕು ಉಳಿದರೆ ಸಕಲೇಶಪುರ, ಆಲೂರಿನ ಹಳ್ಳಗಳಿಗೆ ಹೊರಗಿನಿಂದ ಮೀನು ತಂದು ಬಿಡುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ. ಮುಂದಿನ ಮುಂಗಾರಿಗೆ ನಿಮ್ಮ ಊರಿನ ಹಳ್ಳ ಏರಿದಾಗ, ಪ್ರವಾಹಕ್ಕೆ ಎದುರಾಗಿ ಮೇಲೆ ಹೋಗುವ ಮೀನಿಗೆ ದಾರಿ ಇದೆಯೇ ಎಂದು ಒಮ್ಮೆ ನೋಡಿ ಬನ್ನಿ.